ಎರಡನೇ ಆಪರೇಷನ್

ಪ್ರಮೋದಾ ಹಿತ್ತಲ ಬಾಗಿಲ ಚಿಲಕ ತೆಗೆಯುವಷ್ಟರಲ್ಲಿ ಅತ್ತೆಯ ಕಣ್ಣಿಗೆ ಬಿದ್ದಳು.

“ಎಲ್ಲಿಗಮ್ಮಾ?”

“ಅಮ್ಮನ ಮನೆಗೆ. ಸಂಜೆಯೊಳಗೆ ಬಂದ್ಬಿಡ್ತೀನಿ.”

ಆದಿಲಕ್ಷ್ಮಮ್ಮ ಸೊಸೆಯ ಮಾಸ್ಕನ್ನೂ ಕಂಕುಳಲ್ಲಿ ಒತ್ತಿ ಹಿಡಿದಿದ್ದ ಬ್ಯಾಗನ್ನೂ ನೋಡಿದರು. ಬ್ಯಾಗಿನಲ್ಲಿ ತವರಿನವರು ಕೊಟ್ಟ ಎರಡು ಬಳೆಗಳಿದ್ದವು. ಶೆಡ್ಡಿನಲ್ಲಿ ನಾಲ್ಕು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು.

“ಹೋಗ್ಬಾ. ಸಂತೋಷನಿಗೆ ನಾನು ಹೇಳ್ಕೊಳ್ತೀನಿ.”

ಗಂಡನಿಗೆ ಏನು ಚಾಡಿ ಹೇಳುತ್ತಾರೆಂದು ಪ್ರಮೋದಾಗೆ ಗೊತ್ತಿತ್ತು. ಚಿಲಕ ಸರಿಸಿ ಹೊರಬಿದ್ದಳು.

ದೊಡ್ಡಬಳ್ಳಾಪುರದಿಂದ ದೇವನಹಳ್ಳಿ ಬಸ್ಸು ಹತ್ತಿ ಕಿಟಕಿ ಪಕ್ಕ ಕುಳಿತ ಮೇಲೂ ಉಸಿರು ಹದಕ್ಕೆ ಬರಲಿಲ್ಲ. ಅವಳ ಎಡ ಹೊಳ್ಳೆ ಮುಚ್ಚಿಕೊಂಡು ವರ್ಷವಾಗುತ್ತ ಬಂದಿತ್ತು. ಮೂಗಿನ ತುದಿ ಒಂದು ಕಡೆಗೆ ಕುಸಿದಿತ್ತು. ನಾಲ್ಕು ಹೆಜ್ಜೆ ಬೇಗ ನಡೆದರೆ ಬಾಯಿ ತೆರೆದೇ ಉಸಿರಾಡಬೇಕು.

ಅದಕ್ಕೂ ಮುಂಚೆ ಅವಳ ಮೂಗಿನಲ್ಲಿ ಇದ್ದದ್ದು ಒಂದು ಸಣ್ಣ ಉಬ್ಬು, ಅಷ್ಟೆ. ಮೊಬೈಲಿನಲ್ಲಿ ಲೈವ್ ಬಂದು ತಮ್ಮ ಮಗ್ಗದ ಸೀರೆ ಮಾರುತ್ತಿದ್ದಳು. ಸೆರಗು ಹರವಿ ಮಾತಿಗಿಳಿದರೆ ಸಾವಿರ ಜನ ಕೂತು ನೋಡುತ್ತಿದ್ದರು. ಯಾರೋ ಇಬ್ಬರು ಮೂಗನ್ನು ಆಡಿಕೊಂಡು ಬರೆದಿದ್ದರು. ಅದು ಮನಸ್ಸಿಗೆ ಚುಚ್ಚಿ, ತನ್ನದೇ ದುಡಿಮೆಯಲ್ಲಿ ಸರಿ ಮಾಡಿಸಿಕೊಳ್ಳಲು ಹೋದಳು. ಆದಿಲಕ್ಷ್ಮಮ್ಮ ಅಂದೇ ಅಡ್ಡ ನಿಂತಿದ್ದರು. “ದೇವರು ಕೊಟ್ಟಿರೋ ಮೂಗಿಗೆ ಏನಾಗಿದೆ? ಕತ್ತರಿಸ್ಕೊಂಡು ಬಂದು ಆಮೇಲೆ ಅಳ್ಬೇಡ.”

ಆಪರೇಷನ್ ಕೆಟ್ಟು ಅತ್ತದ್ದೂ ಆಯಿತು. ಆದರೆ ಸಂತೋಷ್ ಒಂದು ದಿನವೂ ಚುಚ್ಚಿ ಮಾತಾಡಲಿಲ್ಲ. ಆಸ್ಪತ್ರೆಗೆ ಅವನೇ ಅಲೆದ. ಹೋಗಿ ಬಂದಾಗಲೆಲ್ಲ ಅವಳ ಪಕ್ಕ ಕುಳಿತು ತಲೆ ಸವರುತ್ತಿದ್ದ.

“ಎರಡನೇ ಆಪರೇಷನ್ ಮೊದಲನೇದಕ್ಕಿಂತ ದುಬಾರಿಯಂತೆ ಕಣೆ. ನಮ್ಮ ಜವಾಬ್ದಾರಿ ಅಲ್ಲ ಅಂತಾರೆ. ಅಂದಕ್ಕೆ ಮಾಡಿಸ್ಕೊಂಡಿದ್ದಕ್ಕೆ ಇನ್ಶೂರೆನ್ಸೂ ಬರಲ್ವಂತೆ.”

“ನಾನೂ ಬಂದು ಕೇಳ್ಲಾ?”

“ನೀನ್ಯಾಕೆ? ಈ ಮೂಗು ಹೊತ್ಕೊಂಡು ಅಲ್ಲಿ ನಾಲ್ಕು ಜನರ ಮುಂದೆ ಕೂರ್ಬೇಕು. ನಾನಿಲ್ವಾ?”

ಅವನಿದ್ದ. ಲೈವಿಗೂ ಈಗ ಅವನೇ ಕೂರುತ್ತಿದ್ದ. ನೋಡುವವರು ಐವತ್ತಕ್ಕಿಳಿದಿದ್ದರು, ಆದರೂ ಬೇಸರಪಟ್ಟುಕೊಳ್ಳಲಿಲ್ಲ. ಹಿಂದೆ ತೂಬಗೆರೆಯ ಮದುವೆಯೊಂದರಲ್ಲಿ ಯಾರೋ ಅವನನ್ನು ತಡೆದು, “ನೀವು ಲೈವ್ ಪ್ರಮೋದಾ ಅವರ ಯಜಮಾನ್ರಲ್ವಾ?” ಎಂದಾಗಲೂ ನಕ್ಕಿದ್ದ. ಊಟ ಮಾಡದೆ ಬೇಗ ಹೊರಡೋಣವೆಂದಿದ್ದ, ಅಷ್ಟೆ. ಇಂಥ ಗಂಡ ಯಾರಿಗುಂಟು ಎಂದು ಓರಗಿತ್ತಿ ಅನಿತ ಈಗಲೂ ಹೇಳುತ್ತಾಳೆ.

ಆದರೆ ನಿನ್ನೆ ನೂಲಿನ ಮೂಟೆಗಳ ಹಿಂದೆ ತಾಯಿ ಮಗ ಮಾತಾಡುತ್ತಿದ್ದುದು ಪ್ರಮೋದಾಳ ಕಿವಿಗೆ ಬಿತ್ತು.

“ಎಷ್ಟು ದಿನಾಂತ ಹೀಗೆ ಎಳೀತೀಯೋ? ಆ ಆಸ್ಪತ್ರೆ ವಿಷ್ಯ ಒಂದ್ಸಲ ಮುಗಿಸು ಅಂದೆ. ನನ್ ಕೈಲಿ ನೋಡಕ್ಕಾಗಲ್ಲ.”

“ನೀನು ಸುಮ್ನಿರಮ್ಮಾ.”

ಅಷ್ಟು ಸಾಕಾಗಿತ್ತು. ಮಗ ಹೆಂಡತಿಗಾಗಿ ಅಲೆಯುವುದು ಈ ಮುದುಕಿಯ ಕಣ್ಣಿಗೆ ಚುಚ್ಚುತ್ತಿದೆ. ತಾಯಿಯ ಬಾಯಿಗೆ ಹೆದರಿ ಅವನು ಕೈಚೆಲ್ಲುವ ಮೊದಲು ತಾನೇ ಬಳೆ ಅಡವಿಟ್ಟಾದರೂ ಮುಂಗಡ ಕಟ್ಟಿ ಬಂದುಬಿಡಬೇಕು. ಇವತ್ತು ಸಂತೋಷ್ ಸೀರೆ ತಲುಪಿಸಲು ಬೆಂಗಳೂರಿಗೆ ಹೋಗಿದ್ದ. ದಿನವೂ ಕೂಡಿಬಂದಿತ್ತು.

ದೇವನಹಳ್ಳಿಯ ಆಸ್ಪತ್ರೆಯಲ್ಲಿ ಮ್ಯಾನೇಜರ್ ಮುರಳಿ ಅವಳ ಹೆಸರು ಕೇಳಿ, ಫೈಲು ತೆರೆದು, ಕನ್ನಡಕ ಸರಿಮಾಡಿಕೊಂಡ.

“ಕೂತ್ಕೊಳ್ಳಿ. ಅಂತೂ ಬಂದ್ರಲ್ಲ.”

“ಎಷ್ಟಾಗುತ್ತೆ ಸರ್? ಸ್ವಲ್ಪ ಈಗ ಕಟ್ತೀನಿ. ಉಳಿದಿದ್ದು...”

“ಏನು ಕಟ್ತೀರಾ?”

“ಎರಡನೇ ಆಪರೇಷನ್‌ದು.”

ಮುರಳಿ ಅವಳನ್ನೇ ನೋಡಿದ. “ಅದಕ್ಕೆ ದುಡ್ಡೇ ಇಲ್ವಲ್ಲಮ್ಮಾ. ನಮ್ಮ ಕೈಯಿಂದಾದ ತಪ್ಪು ಅಂತ ಡಾಕ್ಟರೇ ಒಪ್ಕೊಂಡಿದಾರೆ. ಪೂರ್ತಿ ಖರ್ಚು ಆಸ್ಪತ್ರೇದು. ಹೋದ ದೀಪಾವಳಿಯಿಂದ ಮೂರು ಸಲ ತಿಳಿಸಿದೀವಿ. ಬೇಡಾಂತ ನಿಮ್ಮ ಮನೆಯಿಂದಲೇ ಉತ್ತರ ಬಂತು.”

ಪ್ರಮೋದಾ ಮಾಸ್ಕ್ ಕೆಳಗೆ ಜಗ್ಗಿ ಬಾಯಿಂದ ಉಸಿರೆಳೆದುಕೊಂಡಳು. ಮನೆಯ ಫೋನು ಬಹಳ ಸಲ ಅತ್ತೆಯ ಕೈಯಲ್ಲೇ ಇರುತ್ತಿತ್ತು. ಗಂಡನನ್ನು ಬಿಸಿಲಲ್ಲಿ ಅಲೆಯಲು ಬಿಟ್ಟು, ಇತ್ತ ಬೇಡವೆಂದು ಹೇಳಿಬಿಟ್ಟರೇ? ಹೆತ್ತ ಮಗನಿಗೂ ಮೋಸ ಮಾಡುವಷ್ಟು ಹಗೆಯೇ?

“ನನಗೆ ಬೇಕು ಸರ್. ಯಾವಾಗ ಮಾಡ್ತೀರಾ?”

“ಗುರುವಾರ ಡಾಕ್ಟರ್ ಇರ್ತಾರೆ. ಬೆಳಿಗ್ಗೆ ಏನೂ ತಿನ್ನದೆ ಬನ್ನಿ.”

ಅವನು ಮುಂದೆ ಸರಿಸಿದ ಹಾಳೆಯನ್ನು ಅವಳು ಪೂರ್ತಿ ಓದಿ ಸಹಿ ಹಾಕಿದಳು. ಸಂತೋಷನಿಗೆ ಈಗಲೇ ಫೋನ್ ಮಾಡಬೇಕು, ಅವನ ತಾಯಿ ಏನು ಮಾಡಿದ್ದಾರೆಂದು ಅವನಿಗೆ ಗೊತ್ತಾಗಬೇಕು ಎನ್ನಿಸಿತು. ಅದಕ್ಕೆ ಸಾಕ್ಷಿ ಬೇಕಿತ್ತು.

“ಬೇಡ ಅಂದವರು ವಯಸ್ಸಾದ ಹೆಂಗಸಾ ಸರ್?”

“ಹೆಂಗಸಾ? ಅವರೂ ಒಬ್ಬರು ಬಂದಿದ್ರು, ಹೋದ ತಿಂಗಳು. ನಮ್ ಸೊಸೆಗೆ ಉಸಿರಾಡಕ್ಕಾಗ್ತಿಲ್ಲ, ಹೇಗಾದ್ರೂ ಮಾಡಿ ಸರಿ ಮಾಡಿ ಅಂತ ಕೈ ಮುಗಿದ್ರು. ಬೇಡ ಅಂದವರು ಬೇರೆ.”

ಮುರಳಿ ಆಸ್ಪತ್ರೆಯ ಮೊಬೈಲನ್ನು ಮೇಜಿನ ಮೇಲಿಟ್ಟು ಒಂದು ಧ್ವನಿ ಸಂದೇಶ ಒತ್ತಿದ. ತಲೆ ಸವರುವಾಗಿನ ಅದೇ ಮೆತ್ತನೆಯ ದನಿ ಕೋಣೆಯಲ್ಲಿ ಕೇಳಿಸಿತು:

“ಬೇಡ ಸರ್, ಮೂಗು ಸರಿಹೋದ್ರೆ ಮತ್ತೆ ಲೈವಿಗೆ ಕೂತ್ಕೊಳ್ತಾಳೆ. ಈಗ ಮನೇಲೇ ಇದಾಳೆ, ಹೀಗೇ ಇರ್ಲಿ.”