ನೀನಿಲ್ಲದ ಮನೆ

ಮದುವೆಯಾದ ಮೇಲೆ ಅವಳು ಒಬ್ಬಳೇ ರೈಲು ಹತ್ತಿದ್ದು ಅದೇ ಮೊದಲು. ಗಂಡ ಸ್ಟೇಷನ್ನಿಗೆ ಬಂದಿರಲಿಲ್ಲ, ಆಫೀಸಿತ್ತು. ಸಂಜೆಯಾಗುವಷ್ಟರಲ್ಲಿ ಅವಳು ಮೊಬೈಲನ್ನು ಹತ್ತಾರು ಸಲ ನೋಡಿ, ಎರಡು ಸಲ ಕಣ್ಣೊರೆಸಿಕೊಂಡಿದ್ದಳು.

ಎದುರಿಗೆ ಕೂತು ಶೇಂಗಾ ಸುಲಿಯುತ್ತಿದ್ದ ಮುದುಕಿಗೆ ಇದನ್ನು ನೋಡಿಕೊಂಡು ಸುಮ್ಮನಿರಲಾಗಲಿಲ್ಲ.

“ಯಾರ ಸಲುವಾಗಿ ಅಳಾಕತ್ತೀಯವ್ವ?”

“ನಮ್ಮ ಯಜಮಾನ್ರು. ನಾನಿಲ್ದೆ ಒಂದಿನಾನೂ ಇದ್ದವರಲ್ಲ. ಪಾಪ, ಎಷ್ಟು ಬೇಜಾರು ಮಾಡ್ಕೊಂಡಿದಾರೋ.”

“ಗಂಡಸರಿಗೆ ಬ್ಯಾಸರ?” ಮುದುಕಿ ಸಿಪ್ಪೆಯನ್ನು ಕಿಟಕಿಯಾಚೆ ಎಸೆದಳು. “ನಾ ತವರಿಗೆ ಹೋದ್ರ ನಮ್ಮವ್ರೂ ಕಾಗದ ಬರೀತಿದ್ರು. ಎಮ್ಮಿ ಹಾಲು ಕೊಡವಲ್ದು, ಲಗೂ ಬಾ ಅಂತ.”

“ನಮ್ಮೋರು ಹಾಗಲ್ಲ.”

“ಯಾಕ, ಎಮ್ಮಿ ಇಲ್ಲೇನು?”

ಅಷ್ಟರಲ್ಲಿ ಫೋನು ಬಂತು. ಮುದುಕಿಯೂ ಕೇಳಲಿ ಎಂದು ಅವಳು ಸ್ಪೀಕರ್ ಹಾಕಿದಳು.

“ಲೇ, ನೀನಿಲ್ದೆ ಮನೆಯೊಳಗೆ ಕಾಲಿಡೋಕೇ ಆಗ್ತಿಲ್ಲ ಕಣೆ.”

ಅವಳು ಗೆದ್ದವಳ ಹಾಗೆ ಮುದುಕಿಯನ್ನು ನೋಡಿದಳು. “ಅಷ್ಟೊಂದು ಬೇಜಾರಾಗ್ತಿದೆಯೇನ್ರೀ?”

“ಬೇಜಾರೇನು ಬಂತು? ಯಾವಾಗ್ಲೂ ಇಡೋ ಹೂಕುಂಡದ ಕೆಳಗೆ ಬೀಗದ ಕೈ ಇಲ್ಲ. ನಿನ್ನ ಪರ್ಸಲ್ಲೇ ಹಾಕ್ಕೊಂಡು ಹೋಗಿದೀಯ. ತಲೆ ಇದೆಯೇನೆ ನಿಂಗೆ?”

ಮುದುಕಿ ಇನ್ನೊಂದು ಶೇಂಗಾ ಸುಲಿದಳು.

ಅವಳು ಪರ್ಸು ತೆರೆದಳು. ಬೀಗದ ಕೈಯನ್ನು ಹೊರಗೆ ತೆಗೆದು ಒಂದು ಕ್ಷಣ ನೋಡಿದಳು. ಮತ್ತೆ ಒಳಗಿಟ್ಟು ಜಿಪ್ ಎಳೆದಳು.

“ಪರ್ಸಲ್ಲಿಲ್ಲ ರೀ. ಆ ಇಪ್ಪತ್ತು ಹೂಕುಂಡಗಳಲ್ಲಿ ಯಾವುದರದ್ದೋ ಕೆಳಗಿದೆ, ಒಂದೊಂದೇ ಎತ್ತಿ ನೋಡಿ.”