ಅಚ್ಚು ಕೂಡುವವರೆಗೆ

ಹೆಣ್ಣು ನೋಡಲು ರಾಮದುರ್ಗದಿಂದ ಬಂದವರು ಬೈಲಹೊಂಗಲದ ಕಾಲೇಜಿನ ಪ್ರಯೋಗಾಲಯಕ್ಕೇ ಬರಬೇಕಾಯಿತು. ಸವದತ್ತಿಯ ಮನೆಯಲ್ಲಿ ಉಪ್ಪಿಟ್ಟು, ಶಿರಾ ಆರುತ್ತಿದ್ದವು. ಹೆಣ್ಣು ಮಾತ್ರ ಮನೆಗೆ ಬರಲು ಸುತರಾಂ ಒಪ್ಪಿರಲಿಲ್ಲ.

ವರದಾ ಓಢಣಿ ಬಿಗಿದು ಕಟ್ಟಿಕೊಂಡು ಬರ್ಫದ ಗಡ್ಡೆ ಒಡೆಯುತ್ತಿದ್ದಳು. ತಂಪು ಮಾಡುವ ಯಂತ್ರ ಬೆಳಗ್ಗೆಯೇ ಕೈಕೊಟ್ಟಿತ್ತು. ತೊಟ್ಟಿಯ ಬರ್ಫದ ನಡುವೆ ಬಾಯಿ ಬಿಗಿದ ಸೀಸೆ, ಅದರ ಮೇಲೆ ಕಾಸದೆಯೇ ಬೆಳಕಿನಿಂದ ಗಟ್ಟಿಮಾಡುವ ನೀಲಿ ದೀಪ. ನೀರಿಗಿಳಿದ ಕೀಟನಾಶಕವನ್ನು ಒಡೆಯುವ ವೇಗವರ್ಧಕ ಒಳಗೆ ಗಟ್ಟಿಯಾಗುತ್ತಿತ್ತು. ವಿಷವನ್ನು ಹೋಲುವ ಕಣದ ಸುತ್ತ ಅದು ಕೂಡಬೇಕು. ಕಣ ತೊಳೆದು ತೆಗೆದ ಮೇಲೆ ವಿಷ ಬಂದು ಕೂರುವಂಥ ಅಚ್ಚು ಉಳಿಯಬೇಕು. ಆ ಕಣದ ಪುಡಿ ಇನ್ನು ಚಿಟಿಕೆಯೂ ಇರಲಿಲ್ಲ. ಇದೊಂದು ಕೆಟ್ಟರೆ ಅವಳ ಪಿಎಚ್‌ಡಿ ಅಲ್ಲಿಗೇ ಮುಗಿದಂತೆ.

“ಒಂದ ತಾಸು ಬಂದು ಹೋಗವಾ ಅಂದ್ರ ಕೇಳಲಿಲ್ಲ ನೋಡ್ರಿ,” ತಂದೆ ಬಾಳಕೃಷ್ಣರಾಯರು ಬೀಗರಾಗುವವರ ಮುಂದೆ ಹಿಡಿಯಷ್ಟಾಗಿದ್ದರು.

ಹುಡುಗನ ತಾಯಿ ತಾರಾಬಾಯಿ ಸ್ಟೂಲಿನ ಮೇಲೆ ಕುಳಿತರು. “ಜಲ್ದಿ ಆಗೂ ಹಾದಿ ಇಲ್ಲೇನವಾ ಇದಕ್ಕ?”

“ಅದ ರೀ ಕಾಕೂ. ಅರವತ್ತು ಡಿಗ್ರಿಗೆ ಕಾಸಿದ್ರ ಸಂಜೀಕನ ಗಟ್ಟಿ ಆಗ್ತದ. ಹೋದ ಸರ್ತಿ ಹಂಗ ಮಾಡಿದ್ದೆ.”

“ಮತ್ತ?”

“ಕಲ್ಲಿನಂಗ ಗಟ್ಟಿ ಆತು. ಆದ್ರ ಶಾಖಕ್ಕ ಆ ಕಣಾ ಒಂದ ಕಡೆ ನಿಲ್ಲಂಗಿಲ್ರಿ, ಅಚ್ಚು ನೆಟ್ಟಗ ಬೀಳಂಗಿಲ್ಲ. ಆಮ್ಯಾಲ ವಿಷಾ ಮುಂದ ತಂದಿಟ್ರೂ ಗುರ್ತ ಹಿಡೀಲಿಲ್ಲ. ಥಂಡ್ಯಾಗ ಸಾವಕಾಶ ಕೂಡಬೇಕ್ರಿ. ನಾಳಿ ಮುಂಜಾನಿತನಕಾ.”

ತಿಳಿಯಿತೋ ಬಿಟ್ಟಿತೋ, ತಾರಾಬಾಯಿ ತಲೆಯಾಡಿಸಿದರು. ಚೀಲದಿಂದ ಸಕ್ಕರೆ ಪೊಟ್ಟಣ ತೆಗೆದು ದಾರ ಬಿಚ್ಚಿದರು. “ಹುಡುಗಿ ನಮಗ ಪಸಂದ ಇದ್ದಾಳ್ರಿ ರಾಯರ. ಬಾಯಿ ಸಿಹಿ ಮಾಡಿ ಇವತ್ತ ಪಕ್ಕಾ ಮಾಡಿಬಿಡೂಣು. ಮುಂದಿನ ತಿಂಗಳಾಗ ಮುಹೂರ್ತ ಅವ.”

ಬಾಳಕೃಷ್ಣರಾಯರ ಮುಖ ಅರಳಿತು. ವರದಾ ಒಂದು ಬೊಗಸೆ ಬರ್ಫ ಸುರಿದು ಥರ್ಮಾಮೀಟರ್ ನೋಡಿದಳು. ಅವಳಿಗೆ ಹೆದರಿಕೆಯಾಗಿತ್ತು. ಆದರೂ ಹೇಳಿದಳು.

“ಕಾಕೂ, ಸಿಟ್ಟಾಗಬ್ಯಾಡ್ರಿ. ನಿಮ್ಮ ಮಗನ ಕೂಡ ನಾ ಇನ್ನೂ ಒಂದ ಮಾತೂ ಆಡಿಲ್ಲ. ಈ ಸಂಬಂಧಾನೂ ಕಾಸಿ ಗಟ್ಟಿ ಮಾಡೂದು ಬ್ಯಾಡ್ರಿ.”

ಬಾಗಿಲಿಗೆ ಒರಗಿ ನಿಂತಿದ್ದ ಹುಡುಗ ಸಂಕೇತ ಮುಂದೆ ಬಂದು ತೊಟ್ಟಿಗೆ ಇಣುಕಿದ. ಬರ್ಫ ಅರ್ಧಕ್ಕರ್ಧ ಕರಗಿತ್ತು.

“ಮುಂಜಾನಿತನಕಾ ಇದು ಸಾಲಂಗಿಲ್ಲ,” ಎಂದ. “ಬರ್ಫ ಎಲ್ಲಿ ಸಿಗ್ತದ್ರಿ?”

“ಬಜಾರದಾಗ, ಸೋಡಾ ಅಂಗಡಿ ಮಗ್ಗಲಕ್ಕ.”

ಅವನು ಗೋಣಿಚೀಲ ಹಿಡಿದು ಹೊರಟ. ತಾರಾಬಾಯಿ ಮಗ ಹೋದ ದಾರಿಯನ್ನೇ ನೋಡಿದರು. ಸಕ್ಕರೆ ಪೊಟ್ಟಣಕ್ಕೆ ಮತ್ತೆ ದಾರ ಸುತ್ತಿದರು, ಗಂಟು ಹಾಕಲಿಲ್ಲ.