ಎರಡು ಗುಂಪಿನ ನಡುವಿನ ಚುಕ್ಕಿ

"ದತ್ತಣ್ಣಾ, ಈ ಚುಕ್ಕಿ ಯಾವ ಗುಂಪಿಗೂ ಹೋಗವಲ್ತು ನೋಡ್ರಿ," ಅಂದಳು ಕಾವ್ಯಾ.

ದತ್ತಾತ್ರೇಯ ಕುರ್ಚಿ ಸರಿಸಿಕೊಂಡು ಬಂದ. ತೆಲುಗು ನಾಡಿನ ಮಾದಾಪುರದ ಆ ಆಫೀಸಿನಲ್ಲಿ ಕನ್ನಡ ಆಡುವವರು ಇವರಿಬ್ಬರೇ, ಇಬ್ಬರೂ ರಾಯಚೂರ ಕಡೆಯವರು. ಊರ ತುಂಬ ಅಂಗಡಿ ತೆರೆದಿದ್ದ ಕಂಪನಿಯೊಂದರ ಗಿರಾಕಿಗಳನ್ನು ವಿಂಗಡಿಸುವ ಕೆಲಸ ಅವರದು. ಅಂಗಡಿಯವರೇ ಗಿರಾಕಿಗಳಿಗೆ ಕೊಡುವ ಕಾರ್ಡುಗಳಲ್ಲಿ ಯಾವುದರ ಮೇಲೆ ಏನೇನು ಖರೀದಿಯಾಯಿತು ಅಂತ ಸಾಫ್ಟ್‌ವೇರಿಗೆ ಉಣಿಸಿದರೆ ಸಾಕು, ಒಂದೊಂದು ಮನೆ ಒಂದೊಂದು ಚುಕ್ಕಿಯಾಗಿ ತೆರೆಯ ಮೇಲೆ ಮೂಡುತ್ತಿತ್ತು. ಒಂದೇ ಥರದ ಮನೆಗಳು ಒಂದೇ ಬಣ್ಣದಲ್ಲಿ ಗುಂಪುಗೂಡುತ್ತಿದ್ದವು. ಹಸಿರು ಅಂದರೆ ಕೂಸಿರುವ ಮನೆ, ನೀಲಿ ಅಂದರೆ ಗಂಡ ಹೆಂಡತಿ ಇಬ್ಬರೇ ಇರುವ ಮನೆ. ಕಾವ್ಯಾ ತೋರಿಸಿದ ಚುಕ್ಕಿ ಎರಡರ ನಡುವೆ ಒಂಟಿಯಾಗಿ ನಿಂತಿತ್ತು. ಅಂಥದ್ದನ್ನು ಅಳಿಸಿಬಿಡುವುದು ರೂಢಿ.

"ಎಂಥೆಂಥಾ ಮಂದಿ ಇರ್ತಾರ ಅಂತೀನಿ!" ಕಾವ್ಯಾ ನಕ್ಕಳು. "ಹಾಲಿನ ಪುಡಿ ಇಲ್ಲ, ಡೈಪರ್ ಇಲ್ಲ, ಕೂಸಿನ ಸೋಪು ಸುದ್ದಾ ಇಲ್ಲ. ಮೂರು ತಿಂಗಳಿಗೊಮ್ಮೆ ಒಂದು ಅಂಗಿ, ಅಷ್ಟ. ಮೊದಲು ಹಸುಗೂಸಿಂದು, ಆಮ್ಯಾಲ ಮೂರು ತಿಂಗಳಿಂದು, ಆರು, ಒಂಬತ್ತು... ಎಲ್ಲಾ ಹಳದಿನ. ಕೂಸು ಬರೇ ಅಂಗಿ ತಿಂದು ಬೆಳೀತೈತೇನ್ರಿ?"

ದತ್ತಾತ್ರೇಯನೂ ನಗುತ್ತಲೇ ಚುಕ್ಕಿ ಒತ್ತಿದ. ಕಾರ್ಡಿನ ನಂಬರು ತೆರೆದುಕೊಂಡಿತು. ಅವನ ಮನೆ ಹತ್ತಿರದ ಉಪ್ಪಲ್ ಬಡಾವಣೆಯ ಅಂಗಡಿಯದು. ಕೊನೆಗೆ ನಾಲ್ಕು, ಏಳು, ಏಳು, ಒಂದು. ಅವನ ನಗು ನಿಂತಿತು. ಆ ಕಾರ್ಡನ್ನು ಹೆಂಡತಿ ಭಾಗ್ಯಶ್ರೀಯ ಕೈಗೆ ಕೊಟ್ಟವನು ಅವನೇ.

ಹೋದ ವರ್ಷ ಅದೇ ಅಂಗಡಿಯಲ್ಲಿ, ದಿನ ತುಂಬಿದ್ದ ಭಾಗ್ಯಶ್ರೀ ಹಳದಿ ಅಂಗಿಯೊಂದನ್ನು ಎದೆಗೆ ಹಿಡಿದು, "ತಗೊಳ್ಳೂಣೇನ್ರಿ?" ಅಂತ ಆಸೆಯಿಂದ ಕೇಳಿದ್ದಳು. "ಹುಚ್ಚೇನ ನಿನಗ? ಹುಟ್ಟೂಕಿಂತ ಮೊದಲ ಹೊಸ ಅರಿವಿ ತರಬಾರದು," ಎಂದು ಇವನೇ ಕಸಿದು ವಾಪಸು ಇಟ್ಟಿದ್ದ. ಹಿರಿಯರ ಮಾತು, ಮೀರುವುದುಂಟೇ? ಅದಾಗಿ ಎಂಟು ದಿನಕ್ಕೆ ಹುಟ್ಟಿದ ಕೂಸು ಅಳಲೇ ಇಲ್ಲ. ಅದನ್ನು ಇವನ ಹಳೇ ಧೋತರದ ತುಂಡಿನಲ್ಲಿ ಸುತ್ತಿ ಮಣ್ಣು ಮಾಡಿದರು. ಇನ್ನು ಮನೆಯಲ್ಲಿ ಆ ಮಾತು ಎತ್ತಕೂಡದು ಅಂತ ಕಟ್ಟಪ್ಪಣೆ ಮಾಡಿದವನೂ ಇವನೇ. ಅವಳು ಎತ್ತಲಿಲ್ಲ. ಮರೆತಳು, ಬದುಕಿದೆವು ಅಂದುಕೊಂಡಿದ್ದ, ಪೆದ್ದ.

ತೆರೆಯನ್ನು ಕೆಳಕ್ಕೆ ಸರಿಸಿದ. ನಿನ್ನೆಯ ಬಿಲ್ಲು: ಒಂದು ಜೊತೆ ಬೂಟು, ವರ್ಷದ ಮಕ್ಕಳ ಅಳತೆ, ಹಳದಿ.

"ಏನೋ ತಪ್ಪು ಸೇರೈತಿ ಅನಸ್ತೈತಿ. ಅಳಿಸಿಬಿಡ್ಲೇನ್ರಿ ಅಣ್ಣಾ?" ಕಾವ್ಯಾಳ ಬೆರಳು ಮೌಸಿನ ಮೇಲಿತ್ತು.

"ಬ್ಯಾಡವಾ, ಇರಲಿ," ಅಂದ ದತ್ತಾತ್ರೇಯ. "ಈಗಷ್ಟ ಹೆಜ್ಜಿ ಇಡಾಕತ್ತೈತಿ."